ನಾಲ್ಕನೇ ತಿರುವಿನ ಗೇಟು

ಆರ್ಲೀನ್ ಬಾವುಟದ ಒಂದು ತುದಿ ಹಿಡಿದು ಎಳೆದಳು. ಇನ್ನೊಂದು ತುದಿ ಡೆಲ್ಮರನ ಮುಷ್ಟಿಯಲ್ಲಿತ್ತು. ನಡುವೆ, ಗಂಡನ ಶವಪೆಟ್ಟಿಗೆಯ ಮೇಲೆ, ಕಪ್ಪು ಬಿಳಿ ಚೌಕಗಳ ಆ ಹಳೆಯ ಬಟ್ಟೆ ಬಿಗಿದುಕೊಂಡಿತು.

"ಬಿಡು ಡೆಲ್ಮರ್."

"ಅತ್ತಿಗೆ, ಇದು ಅರವತ್ತೆಂಟರ ಓಟದ ಬಾವುಟ. ನನ್ನ ಕೈಯಾರೆ ಬೀಸಿದ್ದು. ವೆಸ್ ಮೇಲೆ ಹೊದಿಸೋಣ ಅಂತಾನೇ ಎತ್ತಿಟ್ಟಿದ್ದೆ."

"ಆ ಓಟದ್ದು ಅನ್ನೋದಕ್ಕೇ ಬೇಡ ಅಂತಿರೋದು."

ಡೆಲ್ಮರ್ ಬಾವುಟ ಬಿಟ್ಟ. ಕೋಲ್ಡ್ ಫೋರ್ಕ್ ಮೈದಾನದಲ್ಲಿ ಸ್ಟಾಕ್ ಕಾರ್ ಓಟ ನಡೆಯುತ್ತಿದ್ದ ಕಾಲದಲ್ಲಿ ಬಾವುಟ ಬೀಸುತ್ತಿದ್ದವನು ಅವನು, ವೆಸ್‌ನ ಹಳೆಯ ಗೆಳೆಯ. ಆಗ ಅವನ ಕೈ ಮೇಲೆದ್ದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಈಗ ಅವನೇ ಎದ್ದು ನಿಲ್ಲಬೇಕಾದರೆ ಚರ್ಚಿನ ಬೆಂಚು ಹಿಡಿದುಕೊಳ್ಳಬೇಕು.

ಅವನ ಹಿಂದೆ ಹೋಬರ್ಟ್ ಟೋಪಿ ತಿರುಗಿಸುತ್ತ ನಿಂತಿದ್ದ. ಅವನು ಅದೇ ಮೈದಾನದ ಗೇಟು ಕಾಯುತ್ತಿದ್ದವನು. ಅವನದೂ ಒಂದು ಬೇಡಿಕೆ ಇತ್ತು. ನಮ್ಮ ಕಡೆ ಓಟದ ಹುಚ್ಚಿನವರು ಸತ್ತರೆ ಶವದ ಗಾಡಿ ಮೈದಾನದಲ್ಲಿ ಒಂದು ಸುತ್ತು ಹಾಕಿ ಆಮೇಲೆ ಗುಡ್ಡದ ಸ್ಮಶಾನಕ್ಕೆ ಹೋಗುವುದು ರೂಢಿ. ಕುಣಿತ ಕಂಡರೂ ಮುಖ ಗಂಟಿಕ್ಕುವ ಬ್ಯಾಪ್ಟಿಸ್ಟ್ ಪಾದ್ರಿಗಳು ಇದೊಂದಕ್ಕೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಬಾವುಟ ಬೇಡ ಅಂದ್ರೆ ಬೇಡ. ಒಂದೇ ಒಂದು ಸುತ್ತು ಹಾಕಿಸ್ಬಿಡೋಣ ಆರ್ಲೀನ್," ಎಂದ ಹೋಬರ್ಟ್. "ಹೋಗೋ ದಾರೀಲೇ ಇದೆ. ನಿನ್ನೆಯೆಲ್ಲ ಕೂತು ಕಳೆ ಕಿತ್ತಿದೀವಿ."

"ನನ್ನ ಕೇಳಿ ಕಿತ್ರಾ? ಸೀದಾ ಗುಡ್ಡಕ್ಕೆ ಹೋಗ್ಲಿ ಗಾಡಿ. ಬದುಕಿದ್ದಾಗ ಅಲ್ಲಿ ಕೂತಿದ್ದು ಸಾಲ್ದಾ?"

ಪಕ್ಕದಲ್ಲಿದ್ದ ತಂಗಿ ನೆಡ್ರಾ ಅಕ್ಕನ ಮೊಣಕೈ ಹಿಡಿದಳು. ಅಕ್ಕನ ಸಿಟ್ಟಿನ ಬೇರು ಎಲ್ಲಿದೆ ಎಂದು ಆ ಚರ್ಚಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

*

ಅರವತ್ತೆಂಟರ ಸೆಪ್ಟೆಂಬರಿನ ಆ ಭಾನುವಾರ ಆರ್ಲೀನಳಿಗೆ ಇನ್ನೂ ದಿನ ತುಂಬಿರಲಿಲ್ಲ. ಬೆಳಿಗ್ಗೆ ಸೊಂಟ ಹಿಡಿದುಕೊಂಡಿತ್ತು, ಅಷ್ಟೆ. ವಾರವಿಡೀ ಕಾರ್ಖಾನೆಯಲ್ಲಿ ಕುರ್ಚಿ ಕಾಲು ಉಜ್ಜಿ ಬಂದ ಗಂಡ "ಹೋಗಲಾ ಬೇಡ್ವಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ್ದ. "ಹೋಗಿ ಬಾ ಮಾರಾಯ, ನಿನ್ನ ಮುಖ ನೋಡ್ಕೊಂಡು ಕೂತ್ರೆ ನೋವು ಹೋಗುತ್ತಾ?" ಎಂದು ಅವಳೇ ಬನ್ನಿನೊಳಗೆ ಹಂದಿಮಾಂಸ ಇಟ್ಟು ಕಟ್ಟಿ ಕೊಟ್ಟಿದ್ದಳು.

ಮಧ್ಯಾಹ್ನ ರಕ್ತ ಹೋಗಲು ಶುರುವಾಯಿತು. ನೆಡ್ರಾ ಅವಳನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದಲೇ ಮೈದಾನದ ಕಚೇರಿಗೆ ಫೋನ್ ಮಾಡಿದಳು. ಧ್ವನಿವರ್ಧಕದಲ್ಲಿ ಹೆಸರು ಕೂಗಿಸಿದ್ದೇವೆ, ಬರುತ್ತಾನೆ ಬಿಡಿ, ಎಂದರು. ಹುಟ್ಟಿದ್ದು ಹೆಣ್ಣುಮಗು. ಕಿಟಕಿಯ ಬಿಸಿಲು ಹಾಸಿಗೆಯಿಂದ ಗೋಡೆಗೆ ಹೋಗುವವರೆಗೆ ಉಸಿರಾಡಿತು. ಅಷ್ಟು ಹೊತ್ತೂ ಆರ್ಲೀನ್ ಬಾಗಿಲು ನೋಡುತ್ತಲೇ ಇದ್ದಳು.

ವೆಸ್ ಬಂದಾಗ ದೀಪ ಹಚ್ಚಿದ್ದರು. ಹುಬ್ಬಿನ ಮೇಲೆಲ್ಲ ಮೈದಾನದ ಕೆಂಪು ಧೂಳು. ಅವಳು ಕೇಳಿದ್ದು ಒಂದೇ ಮಾತು.

"ಓಟ ಮುಗೀತಾ?"

"ಮುಗೀತು," ಎಂದ.

ಅದರಾಚೆ ಆ ವಿಷಯ ಆ ಮನೆಯಲ್ಲಿ ಬರಲಿಲ್ಲ. ಮತ್ತೆ ಮಕ್ಕಳೂ ಆಗಲಿಲ್ಲ. ಹಾಗೆಂದು ಕೆಟ್ಟ ಸಂಸಾರವೇನಲ್ಲ. ಚಳಿಗಾಲದಲ್ಲಿ ಅವನು ಅವಳಿಗಿಂತ ಮೊದಲೆದ್ದು ಅವಳ ಕಾರಿನ ಗಾಜಿನ ಮಂಜು ಕೆರೆದಿಡುತ್ತಿದ್ದ. ಅವಳು ಅವನಿಗಿಷ್ಟವಾದ ಬಾಳೆಹಣ್ಣಿನ ಪುಡಿಂಗನ್ನು ಮೇಲೆ ಕೆನೆ ಹೆಚ್ಚೇ ಹಾಕಿ ಮಾಡುತ್ತಿದ್ದಳು. ಆದರೆ ಗೆಳೆಯರು ಜಗಲಿಯಲ್ಲಿ ಕೂತು ಆ ಓಟದ ಸುದ್ದಿ ತೆಗೆದರೆ ಸಾಕು, ಅವಳು ಒಳಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಿದ್ದಳು. ವೆಸ್ ತಲೆ ತಗ್ಗಿಸಿ ಕೇಳುತ್ತ ಕೂತಿರುತ್ತಿದ್ದ. ಆ ಓಟವನ್ನು ಮನಸ್ಸಿನಲ್ಲೇ ಚಪ್ಪರಿಸುತ್ತಿದ್ದಾನೆ ಎಂದು ಅವಳು ಉರಿದುಕೊಳ್ಳುತ್ತಿದ್ದಳು.

*

ಪ್ರಾರ್ಥನೆ ಮುಗಿದು ಪೆಟ್ಟಿಗೆ ಗಾಡಿ ಏರಿತು. ಹಿಂದೆ ಕಾರುಗಳು ಸಾಲುಗಟ್ಟುವುದು ತಡವಾಯಿತು. ಆರ್ಲೀನ್ ಮುಂದಿನ ಕಾರಿನಲ್ಲಿ ಗಾಜು ಇಳಿಸಿಕೊಂಡು ಕೂತಿದ್ದಳು. ಓಕ್ ಮರದ ಕೆಳಗೆ ಗಂಡಸರು ಸಿಗರೇಟು ಹಚ್ಚಿದ್ದರು. ಸಾವಿನ ಮನೆಯಾದರೇನು, ಡೆಲ್ಮರ್ ಹೋಬರ್ಟ್ ಸೇರಿದ ಕಡೆ ಆ ಓಟ ಬರದೆ ಇರುವುದುಂಟೆ?

"ಕೊನೇ ಸುತ್ತಲ್ಲಿ ಹಗಿನ್ಸ್ ಕಾರನ್ನ ಒಳಗಡೆಯಿಂದ ನುಗ್ಗಿಸ್ದ," ಎಂದ ಡೆಲ್ಮರ್.

"ಒಳಗಡೆ ಎಲ್ಲಿತ್ತಪ್ಪ ಜಾಗ? ಮುಂದಿದ್ದ ಕರ್ಟಿಸ್ ಒಂದು ಇಲಿ ದಾಟೋಕೂ ಬಿಟ್ಟಿರ್ಲಿಲ್ಲ. ಹೊರಗಿಂದ ಬಂದ ಅವನು."

"ಬಾವುಟ ಬೀಸಿದೋನು ನಾನೋ ನೀನೋ?"

"ಬೀಸಿದೋನು ನೀನೇ. ಆದ್ರೆ ನಿಂಗೆ ಆಗಲೇ ಕನ್ನಡಕ ಬೇಕಿತ್ತಲ್ಲೋ, ಹೆಂಡ್ತಿಗೆ ಹೆದರಿ ಹಾಕ್ಕೊಳ್ತಿರ್ಲಿಲ್ಲ," ಎಂದ ಹೋಬರ್ಟ್. "ನಾಲ್ಕನೇ ತಿರುವಿನ ಗೇಟಲ್ಲಿ ನಿಂತಿದ್ದೋನು ನಾನು. ನಾನೂ ವೆಸ್ಸೂ. ವೆಸ್ ಮಾತ್ರ ಏನೂ ನೋಡ್ಲಿಲ್ಲ ಬಿಡು."

"ನೋಡ್ಲಿಲ್ವಾ?"

"ಇಲ್ಲ ಕಣೋ! ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ ನಾನು, ಆಣೆ ಹಾಕಿಸ್ಕೊಂಡಿದ್ದ. ಈಗ ಹೋದ್ನಲ್ಲ, ಹೇಳಿದ್ರೆ ತಪ್ಪಿಲ್ಲ. ಕೊನೆ ಸುತ್ತುಗಳೆಲ್ಲ ಅವನು ನನ್ನ ಗೇಟಿಗೆ ಗುದ್ದುತಾ ನಿಂತಿದ್ದ. ಓಟದ ಕಡೆ ಗಮನಾನೇ ಇಲ್ಲ! ಆಮೇಲೆ ಕಾರುಗಳಿಗೆ ಏನಂತ ಕಿರುಚ್ದ ಗೊತ್ತಾ? 'ಗುದ್ರೋ, ಯಾರಾದ್ರೂ ಗೋಡೆಗೆ ಗುದ್ರೋ' ಅಂತ. ಮೂರನೇದಾಗಿ ಓಡ್ತಿದ್ದ ಕಾರಿನೋನ ಮೇಲೆ ಬಾಜಿ ಕಟ್ಟಿದಾನೇನೋ ಅಂದ್ಕೊಂಡೆ. ನಮ್ಮೂರ ಹುಡುಗ ಕರ್ಟಿಸ್ ಮುಂದಿದಾನೆ, ಇವನು ಗುದ್ದಲಿ ಅಂತಾನೆ! ಜನ ಕೇಳಿಸ್ಕೊಂಡಿದ್ರೆ ಅಲ್ಲೇ ಹೂತುಬಿಡ್ತಿದ್ರು."

ಹೋಬರ್ಟ್ ನಕ್ಕ. ಡೆಲ್ಮರನೂ ನಕ್ಕ. ಕಾರಿನ ಬಾಗಿಲು ತೆರೆದ ಸದ್ದಾಗಿ ಇಬ್ಬರೂ ತಿರುಗಿದರು. ಆರ್ಲೀನ್ ಹುಲ್ಲಿನ ಮೇಲೆ ನಡೆದು ಬರುತ್ತಿದ್ದಳು.

"ಇನ್ನೊಂದ್ಸಲ ಹೇಳು," ಎಂದಳು.

"ತಮಾಷೆಗೆ ಅಂದೆ ಆರ್ಲೀನ್. ಇವತ್ತಿನ ದಿನ ಅನ್ನಬಾರ್ದಿತ್ತು, ತಪ್ಪಾಯ್ತು."

"ಗೇಟಿಗೆ ಯಾಕೆ ಗುದ್ದಿದ?"

"ಹೊರಗೆ ಬಿಡು ಅಂತ. ಇಂಜಿನ್ ಸದ್ದಲ್ಲಿ ಬೇರೇನೂ ಕೇಳಿಸ್ಲಿಲ್ಲ ನಂಗೆ."

"ಬಿಡಬೇಕಿತ್ತು ನೀನು."

"ಹೆಂಗೆ ಬಿಡ್ಲಿ ತಾಯಿ?" ಹೋಬರ್ಟ್ ಟೋಪಿ ತೆಗೆದ. ಆ ಮೈದಾನದೊಳಗೆ ಅವಳು ಯಾವತ್ತೂ ಕಾಲಿಟ್ಟಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. "ನೋಡು, ನಾವೆಲ್ಲ ಇರೋದು ನಡುಬಯಲಲ್ಲಿ. ಕಾರುಗಳು ನಮ್ಮ ಸುತ್ತ ಸುತ್ತುತಾ ಇರ್ತವೆ. ಆಚೆ ಹೋಗ್ಬೇಕಂದ್ರೆ ಅವು ಓಡೋ ದಾರೀನೇ ದಾಟ್ಬೇಕು. ಯಾರಾದ್ರೂ ಗುದ್ದಿದ್ರೆ ಇವನು ಹಳದಿ ಬಾವುಟ ಬೀಸ್ತಾನೆ, ಎಲ್ಲಾ ನಿಧಾನ ಆಗ್ತವೆ, ಆಗ ನಾನು ಗೇಟು ತೆಗೀತೀನಿ. ಇಲ್ಲಾಂದ್ರೆ ಓಟ ಮುಗಿಯೋವರೆಗೂ ಯಾರಪ್ಪ ಬಂದ್ರೂ ತೆಗಿಯೋ ಹಂಗಿಲ್ಲ. ಅವತ್ತು ಹಳದಿ ಬೀಳ್ಲೇ ಇಲ್ಲ. ಅದಕ್ಕೇ ಅಲ್ವಾ ಆ ಓಟಕ್ಕೆ ಅಷ್ಟು ಹೆಸರು."

ಕಾರಿನ ಹತ್ತಿರ ನಿಂತಿದ್ದ ನೆಡ್ರಾ ಅಕ್ಕನ ಪಕ್ಕಕ್ಕೆ ಬಂದಳು.

"ಅವತ್ತು ಫೋನ್ ಮಾಡಿದ್ದು ನಾನೇ," ಎಂದಳು. "ಅಕ್ಕನ ಮಗು ಹೋಗಿದ್ದು ಅವತ್ತೇ."

ಡೆಲ್ಮರನ ಕೈಯ ಸಿಗರೇಟು ಹಾಗೇ ಉರಿಯಿತು. "ಮಗು ಹೋಯ್ತು ಅಂತ ಗೊತ್ತಿತ್ತು," ಎಂದ. "ಆ ವಾರ ಹೋಯ್ತು ಅಂತಷ್ಟೇ ವೆಸ್ ಅಂದಿದ್ದ. ಅದೇ ಮಧ್ಯಾಹ್ನ ಅಂತ ಹೇಳ್ಲೇ ಇಲ್ಲ ನಮ್ಗೆ."

"ಆಮೇಲೆ ಯಾವತ್ತೂ ನಡುಬಯಲಿಗೆ ಬರ್ಲಿಲ್ಲ ಅವನು," ಎಂದ ಹೋಬರ್ಟ್ ಮೆಲ್ಲಗೆ. "ಪುಕ್ಕಟೆ ಬಿಡ್ತೀನಿ ಬಾರೋ ಅಂದ್ರೂ ಇಲ್ಲ. ಹೊರಗೆ ಹೋಗೋ ಬಾಗ್ಲು ಪಕ್ಕದ ಬೆಂಚಲ್ಲೇ ಕೂರ್ತಿದ್ದ. ವಯಸ್ಸಾಯ್ತೇನೋ ನಿಂಗೆ ಅಂತ ರೇಗಿಸ್ತಿದ್ದೆ ನಾನು."

ಇಷ್ಟು ವರ್ಷ ಸಾಕಿಕೊಂಡು ಬಂದ ಸಿಟ್ಟನ್ನು ಈಗ ಎಲ್ಲಿಡಬೇಕೋ ಆರ್ಲೀನಳಿಗೆ ತಿಳಿಯಲಿಲ್ಲ. ಅವನು ಯಾಕೆ ಹೇಳಲಿಲ್ಲ ಎಂಬುದು ಮಾತ್ರ ತಿಳಿಯಿತು. ತನ್ನ ಮಗುವಿಗಾಗಿ ಇನ್ನೊಬ್ಬ ತಾಯಿಯ ಮಗ ಗೋಡೆಗೆ ಬಡಿಯಲಿ ಎಂದು ಕೂಗಿದವನು, ಅದನ್ನು ಯಾವ ಮುಖ ಹೊತ್ತು ಹೇಳಿಯಾನು? ಮೂರು ದಿನದಿಂದ ಬಾರದಿದ್ದ ಅಳು ಆಗ ಬಂತು. ಗಂಡ ಸತ್ತಿದ್ದಾನೆ ಎಂಬುದು ಅವಳಿಗೆ ನಿಜವಾಗಿ ತಟ್ಟಿದ್ದೂ ಆಗಲೇ.

"ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಆ ಮನುಷ್ಯಂಗೆ," ಎಂದಳು. "ನಾನಾದ್ರೂ ಕೇಳಬಾರ್ದಿತ್ತಾ?"

ಅವಳು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಡೆಲ್ಮರನ ಕಡೆ ತಿರುಗಿದಳು.

"ಹಳದಿ ಇದೆಯಾ ನಿನ್ನ ಹತ್ರ?"

"ಡಿಕ್ಕೀಲಿ ಎಲ್ಲಾ ಬಾವುಟಾನೂ ಇದೆ ಅತ್ತಿಗೆ."

"ಮೈದಾನಕ್ಕೆ ಹೋಗೋಣ. ಸುತ್ತು ಬೇಡ. ಒಳಗೆ ಹೋಗಿ, ಆ ಗೇಟಿಂದ ಹೊರಗೆ ಬರೋದು. ಅಷ್ಟೇ."

*

ಶವದ ಗಾಡಿ ನಡುಬಯಲಿಗೆ ಹೋಗಿ ತಿರುಗಿಕೊಂಡು ನಿಂತಿತು. ಹಿಂದೆ ಆರ್ಲೀನಳ ಕಾರು, ಅದರ ಹಿಂದೆ ಊರಿನವರು. ಎಲ್ಲರೂ ಒಳಗೆ ಬಂದ ಮೇಲೆ ಹೋಬರ್ಟ್ ಹಳೆಯ ಅಭ್ಯಾಸದಂತೆ ಗೇಟು ಮುಚ್ಚಿ ಚಿಲಕ ಹಾಕಿದ್ದ. ಗಾಡಿ ಮೆಲ್ಲಗೆ ಬಂದು ಗೇಟಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿತು.

ಆಚೆ ಕಡೆ ಡೆಲ್ಮರ್ ಇಬ್ಬರ ಹೆಗಲು ಹಿಡಿದು ಬಾವುಟದ ಅಟ್ಟಣಿಗೆ ಹತ್ತುತ್ತಿದ್ದ. ಅರ್ಧ ಹಲಗೆಗಳು ಕೊಳೆತಿದ್ದವು. ಮೇಲೆ ಹೋಗಿ, ಉಸಿರು ತೆಗೆದುಕೊಂಡು, ಹಳದಿ ಬಾವುಟ ಬಿಚ್ಚಿ ಬೀಸಿದ.

ಹೋಬರ್ಟ್ ಚಿಲಕ ಎಳೆದ. ತುಕ್ಕು ಹಿಡಿದ ಗೇಟನ್ನು ಹೆಗಲು ಕೊಟ್ಟು ನೂಕಿ ಪೂರ್ತಿ ತೆರೆದ. ಓಡುವ ದಾರಿಯ ಮೇಲೆ ನಿನ್ನೆ ಕಿತ್ತ ಕಳೆಯ ರಾಶಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಅವನು ಒಮ್ಮೆ ಎಡಕ್ಕೆ ನೋಡಿ, ಒಮ್ಮೆ ಬಲಕ್ಕೆ ನೋಡಿ, ಹೋಗು ಎಂದು ಗಾಡಿಗೆ ಕೈ ಮಾಡಿದ.

ವೆಸ್ ಕೆಂಪು ಮಣ್ಣು ದಾಟಿ ಹೊರಗೆ ಹೋದ. ಆರ್ಲೀನಳ ಕಾರು ದಾಟಿತು. ಡೆಲ್ಮರ್ ಬೀಸುವುದನ್ನು ನಿಲ್ಲಿಸಲಿಲ್ಲ. ಕೊನೆಯ ಕಾರು ಹೋಗಿ ಧೂಳು ಇಳಿದ ಮೇಲೂ ಹೋಬರ್ಟ್ ಎರಡೂ ಕೈಯಲ್ಲಿ ಗೇಟನ್ನು ತೆರೆದೇ ಹಿಡಿದುಕೊಂಡು ನಿಂತಿದ್ದ.