ಮೇಲೊಂದು ಚಿಟಿಕೆ

ಅಕ್ಕ ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಯಾವ ಊರಿನ ಕಾರ್ಖಾನೆಗೆ ಹೋದರೂ ಯಂತ್ರ ಬಿಚ್ಚುವ ಮೊದಲು ಒಂದೇ ಪ್ರಶ್ನೆ: "ಇಲ್ಲಿ ಉಪ್ಪಿನವರು ಅಂತ ಯಾರಾದ್ರೂ ಇದ್ದಾರಾ?" ಇಲ್ಲ ಅಂದರೆ ಮುಖ ಸಪ್ಪಗಾಗುತ್ತಿತ್ತು.

ಉಪ್ಪಿನವರು ಎಂಬುದು ಅವಳ ಮನೆತನದ ಹೆಸರು. ಮುತ್ತಾತನ ಕಾಲದಲ್ಲಿ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ಅಲೆಯುತ್ತಿದ್ದರಂತೆ. "ಉಪ್ಪಿನವರು ಬಂದ್ರು!" ಎಂಬ ಕೂಗು ಕೇಳಿದರೆ ಸಾಕು, ಹೆಂಗಸರು ಮಡಕೆ ಹಿಡಿದು ಓಡಿಬರುತ್ತಿದ್ದರಂತೆ. ಅಳತೆ ತುಂಬಿದ ಮೇಲೆ ಮೇಲೊಂದು ಚಿಟಿಕೆ ಹಾಕುವುದು ಮನೆಯ ರಿವಾಜು. ವ್ಯಾಪಾರ ಎಂದೋ ನಿಂತಿತು, ಚಿಟಿಕೆ ಮಾತ್ರ ನಿಲ್ಲಲಿಲ್ಲ. ಒಲೆಯ ಮುಂದೆ ಮನೆಯವರು ಯಾರೇ ನಿಂತರೂ ಕೈ ತಾನಾಗಿ ಇನ್ನೊಮ್ಮೆ ಡಬ್ಬಿಗೆ ಹೋಗುತ್ತಿತ್ತು. ಬಂದ ಸೊಸೆಯರು, ಅಳಿಯಂದಿರು ಸುಸ್ತಾದರು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ!

ಅವಳ ತಮ್ಮನಿಗೆ ಮಾತ್ರ ಈ ಹೆಸರು ಕೇಳಿದರೆ ಮೈಯೆಲ್ಲಾ ಉರಿ. ಶಾಲೆಯಲ್ಲಿ "ಉಪ್ಪೂ, ಸೇರಿಗೆ ಎಷ್ಟೋ?" ಎಂದು ಕಾಡಿಸಿದವರು ಒಬ್ಬರೇ ಇಬ್ಬರೇ? ಮೀಸೆ ಬಂದ ಮೇಲೆ ಅಪ್ಪನ ಎದುರು ನಿಂತು, "ನಿಮ್ಮ ಉಪ್ಪೂ ಬೇಡ, ನಿಮ್ಮ ಹೆಸರೂ ಬೇಡ" ಅಂದ. "ಹಾಗಾದ್ರೆ ಹೊರಡು" ಅಂದರು ಅಪ್ಪ. ಹೋದವನು ಹೆಸರು ಬದಲಿಸಿಕೊಂಡ ಎಂಬ ಸುದ್ದಿ ಬಂತೇ ಹೊರತು, ಹೊಸ ಹೆಸರೇನು ಎಂದು ಯಾರಿಗೂ ಗೊತ್ತಾಗಲಿಲ್ಲ. ಹಾಗಾಗಿ ಅಕ್ಕ ಹಳೆಯ ಹೆಸರನ್ನೇ ಕೇಳುತ್ತಿದ್ದಳು. ಬೇರೆ ಯಾವುದನ್ನು ಕೇಳಬೇಕು, ಪಾಪ? ಅವನನ್ನೊಮ್ಮೆ ನೋಡಬೇಕೆಂಬ ಆಸೆ ಅವಳೊಳಗೆ ಹಲ್ಲುನೋವಿನಂತೆ ಕೂತಿತ್ತು.

ಆವತ್ತೂ ಒಂದು ಕಾರ್ಖಾನೆಯಲ್ಲಿ ಕೇಳಿ, ಇಲ್ಲ ಅನ್ನಿಸಿಕೊಂಡು, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಳು. ಪಕ್ಕದ ಹೆಂಗಸು ಬೇಯಿಸಿದ ಆಲೂಗಡ್ಡೆ ಬಾಯಿಗಿಟ್ಟು ಗೊಣಗಿದಳು: "ಈ ಅಡುಗೆಯವನಿಗೆ ಎಷ್ಟು ಹೇಳಿದ್ರೂ ಅಷ್ಟೇ. ದಿನಾ ಒಂದು ಚಿಟಿಕೆ ಉಪ್ಪು ಜಾಸ್ತಿ."

ಅಕ್ಕ ಒಂದು ತುಂಡು ತಿಂದಳು. ತಟ್ಟೆ ಅಲ್ಲೇ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಹೋದಳು. ತಲೆ ನರೆತ ಗಂಡಸೊಬ್ಬ ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಚಮಚದಲ್ಲಿ ಉಪ್ಪು ಅಳೆದು ಪಾತ್ರೆಗೆ ಸುರಿದ. ಆಮೇಲೆ ಅವನ ಬೆರಳುಗಳು ಡಬ್ಬಿಗಿಳಿದು ಇನ್ನೊಂದು ಚಿಟಿಕೆ ತಂದವು.

"ಬೈಯೋಕೆ ಬಂದ್ರಾ? ಈ ಕೈ ಮಾತು ಕೇಳಲ್ಲ, ಏನ್ಮಾಡ್ಲಿ?" ಅಂದ, ತಿರುಗದೆ.

"ಸರಿಯಾಗೇ ಇದೆ ಕಣೋ. ನಮ್ಮನೇಲೂ ಹೀಗೇ."

ತಿರುಗಿದವನು ಅವಳ ಮುಖ ನೋಡಿ ಚಮಚ ಕೆಳಗಿಟ್ಟ. ಆಮೇಲೆ ಕೇಳಿದ: "ಅಕ್ಕಾ, ಅಪ್ಪಂಗೆ ಇನ್ನೂ ಕೋಪ ಇಳಿದಿಲ್ವಾ?"

ಅಕ್ಕ ತೋಳಿನಿಂದ ಕಣ್ಣೊರೆಸಿಕೊಂಡಳು.

"ಅಪ್ಪ ಇದ್ದಿದ್ರೆ, ಇವತ್ತು ಎರಡು ಸಲ ಬಡಿಸ್ಕೊಂಡು ತಿಂತಿದ್ರು."