ಶಬ್ದ ಇಲ್ಲ ಎಂದು ಬರೆದ ಚೀಟಿ

ಪಂಪು ರಿಪೇರಿಯವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಮುಗಿಯಿತು. ಒಳಗೆ ಏನು ಸವೆದಿದೆ, ಎಲ್ಲಿ ಸಡಿಲವಾಗಿದೆ ಎಂದು ಬಿಚ್ಚುವ ಮೊದಲೇ ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಹಾಗೆ ಹೇಳಿ ಹೇಳಿ ಜಂಬ ನೆತ್ತಿಗೇರಿತ್ತು. ಏರದೆ ಏನು ಮಾಡೀತು? ಹೊಗಳುವವರಿಗೇನು, ಹೊಗಳಿ ತಮ್ಮ ಪಾಡಿಗೆ ಹೋಗುತ್ತಾರೆ. ನಂಬಿಕೊಂಡವನಿಗೆ ತಾನೇ ಆಮೇಲೆ ಪೇಚಾಟ ಇರುವುದು!

ಟೆಲಿಫೋನ್ ಅಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಸ್ವಿಮ್ ಸ್ಪಾ ಇತ್ತು. ಕೋಣೆಯ ಮುಕ್ಕಾಲು ಭಾಗ ತುಂಬುವ ತೊಟ್ಟಿ. ದೊಡ್ಡ ಪಂಪು ಎದುರಿನಿಂದ ನೀರು ನೂಕುತ್ತದೆ, ಈಜುವವರು ಎಷ್ಟು ಕೈಕಾಲು ಬಡಿದರೂ ಇದ್ದಲ್ಲೇ ಇರುತ್ತಾರೆ. ಹೀಟರು ನೀರು ಕಾಯಿಸುತ್ತದೆ, ಚಿಕ್ಕ ಪಂಪೊಂದು ಆ ಬಿಸಿ ನೀರನ್ನು ತೊಟ್ಟಿಗೆ ಹರಿಸುತ್ತದೆ. ಅಮ್ಮನ ಮೊಣಕಾಲಿನ ಆಪರೇಷನ್ ಆದಮೇಲೆ ಮಗಳು ಹಾಕಿಸಿದ್ದು. ಅಮ್ಮ ಮೂವತ್ತೈದು ವರ್ಷ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವರು. ಯಾರು ಏನು ಹೇಳಿದರೂ ಅದನ್ನೇ ತಿರುಗಿ ಹೇಳಿ, "ಸರಿ ಇದೆಯಾ?" ಎಂದು ಕೇಳುವ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಹೀಟರು, ಚಿಕ್ಕ ಪಂಪು ಎರಡೂ ಬೆಳಿಗ್ಗೆ ಹತ್ತಕ್ಕೆ ತಾವಾಗಿಯೇ ಶುರುವಾಗುತ್ತಿದ್ದವು. ಮಗಳು ಎಂಟೂವರೆಗೇ ಕೆಲಸಕ್ಕೆ ಹೋಗಿರುತ್ತಿದ್ದಳು. ಭಾನುವಾರ ಯಂತ್ರಕ್ಕೂ ರಜೆ. ಹೀಗಾಗಿ ಅದು ಮಾಡುವ ಗಲಾಟೆಯನ್ನೆಲ್ಲ ಕೇಳುತ್ತಿದ್ದದ್ದು ಅಮ್ಮ ಒಬ್ಬರೇ.

ಮೊದಲ ಸಲ ಹೋದಾಗ ಮೇಸ್ತ್ರಿ ಒಳ್ಳೆಯ ಕೆಲಸವನ್ನೇ ಮಾಡಿದ. ದೊಡ್ಡ ಪಂಪು ಗಡಗಡ ಎನ್ನುತ್ತಿತ್ತು; ಬೋಲ್ಟು ಬಿಗಿಮಾಡಿ ಕೆಳಗೆ ರಬ್ಬರ್ ಕೊಟ್ಟ. ಹೀಟರು ಗುರುಗುಟ್ಟುತ್ತಿತ್ತು; ಕಟ್ಟಿಕೊಂಡ ಫಿಲ್ಟರು ತೊಳೆದು, ಕಾಯಿಲಿನ ಮೇಲೆ ಕೂತಿದ್ದ ಬಿಳಿ ಸುಣ್ಣವನ್ನು ಕೆರೆದು ತೆಗೆದ. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುವಾಗ ಅಮ್ಮ ಹೇಳಿದರು, "ಇನ್ನೊಂದು ಉಳೀತಲ್ಲ ಮೇಸ್ತ್ರಿ. ಸಣ್ಣಗೆ, ಸೂಜಿ ಚುಚ್ಚಿದ ಹಾಗೆ. ಕೇಳಿ, ಈಗ ಬರ್ತಾ ಇದೆ."

ಮೇಸ್ತ್ರಿ ಸ್ಕ್ರೂಡ್ರೈವರ್ ಆನಿಸಿದ. ಹೀಟರಿಗೆ, ದೊಡ್ಡ ಪಂಪಿಗೆ, ಚಿಕ್ಕ ಪಂಪಿಗೆ. ಏನೂ ಇಲ್ಲ.

"ಯಾವ ಶಬ್ದಾನೂ ಇಲ್ಲಮ್ಮ."

"ಇದೆಯಪ್ಪಾ! ಇಷ್ಟು ಜೋರಾಗಿ ಕೂಗ್ತಿದೆ!"

ಅಲ್ಲೇ ಅವನಿಗೆ ಸಿಟ್ಟು ಬಂತು. ಕಿವಿ ಮೇಸ್ತ್ರಿಗೆ ಕಿವಿಯ ಪಾಠವೇ? "ವಯಸ್ಸಾದ್ಮೇಲೆ ಕಿವೀಲಿ ಹೀಗೆಲ್ಲ ಕೂಗುತ್ತೆ ಬಿಡಿ" ಎಂದು ನಕ್ಕು, ಚೀಟಿಯಲ್ಲಿ ಬರೆದ: ಶಬ್ದ ಇಲ್ಲ, ಯಂತ್ರ ಸರಿಯಿದೆ. ಅಮ್ಮನ ಮುಖ ಸಣ್ಣದಾಯಿತು. "ಶಬ್ದ ಇಲ್ಲ, ಯಂತ್ರ ಸರಿಯಿದೆ" ಎಂದು ಮೆಲ್ಲಗೆ ತಿರುಗಿ ಓದಿದರು. ಸರಿ ಇದೆಯಾ ಎಂದು ಮಾತ್ರ ಕೇಳಲಿಲ್ಲ.

ಅದಾಗಿ ಒಂದು ವಾರಕ್ಕೆ ಮೇಸ್ತ್ರಿಯ ಹೆಂಡತಿಗೆ ಜ್ವರ ಬಂತು. ಸಂಜೆ ಅವಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು ಕೂಗಲಿ ಎಂದು ಇವನು ಕಾಯುತ್ತಾ ಕೂತ.

"ತೆಗೀರಿ ಅದನ್ನ. ಆಗ್ಲಿಂದ ಕೂಗ್ತಾ ಇದೆ."

"ಎಲ್ಲಿ ಕೂಗ್ತು?"

ಅವಳು ಅವನ ಮುಖವನ್ನೇ ನೋಡಿದಳು. "ನಿಮಗೆ ಕೇಳ್ಸಲ್ಲ ಅಂತ ನಂಗೆ ಎರಡು ವರ್ಷದಿಂದ ಗೊತ್ತು. ದಪ್ಪ ಶಬ್ದ ಎಲ್ಲ ಕೇಳ್ಸುತ್ತೆ, ಸಣ್ಣದು ಕೇಳ್ಸಲ್ಲ. ಹೇಳಿದ್ರೆ ಹಾರಾಡ್ತೀರಿ ಅಂತ ಸುಮ್ನಿದ್ದೆ."

ಮೂವತ್ತು ವರ್ಷ ಪಂಪುಗಳ ಪಕ್ಕದಲ್ಲೇ ನಿಂತ ಕಿವಿ ಹಾಳಾಗದೆ ಉಳಿಯುವುದಕ್ಕೆ ಅದೇನು ಕಬ್ಬಿಣದ್ದೇ? ಮೊದಲು ನೆನಪಾದದ್ದು ಆ ಚೀಟಿ. ಮರುದಿನವೇ ಹೋಗಿ ಹೇಳಿಬಿಡಬೇಕಿತ್ತು. ಹೋದನೇ? ಇಲ್ಲ. ಕಿವಿ ಕೆಟ್ಟ ಕಿವಿ ಮೇಸ್ತ್ರಿಯನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ನಾಲ್ಕು ದಿನ ಬೇರೆ ಬೇರೆ ಮನೆಗಳಲ್ಲಿ ಅದೇ ಸ್ಕ್ರೂಡ್ರೈವರನ್ನು ಅದೇ ಕಿವಿಗೆ ಆನಿಸಿ, ಅದೇ ಥರ ತಲೆಯಾಡಿಸಿ ಬಂದ.

ಐದನೆಯ ದಿನ ಟೆಲಿಫೋನ್ ಅಮ್ಮನ ಮಗಳೇ ಫೋನ್ ಮಾಡಿದಳು. "ಮೇಸ್ತ್ರಿ, ಅಮ್ಮನಿಗೆ ಇಲ್ಲದ ಶಬ್ದ ಕೇಳ್ಸುತ್ತೆ ಅಂತ ನಾಳೆ ಹನ್ನೊಂದಕ್ಕೆ ತಲೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದೀನಿ. ಅವರು ಮೊದಲು ಯಂತ್ರ ಇನ್ನೊಂದ್ಸಲ ಚೆಕ್ ಮಾಡ್ಸಿ ಅಂದ್ರು. ಶಬ್ದ ಇದೆ ಅಂತ ಅಮ್ಮ ಬಿಡ್ಲಿಲ್ಲ, ಅದಕ್ಕೆ ನಿಮ್ಮ ಚೀಟಿ ಬಂದ ದಿನದಿಂದ ಅದನ್ನ ಆಫ್ ಮಾಡಿಟ್ಟಿದೀನಿ. ಅಮ್ಮನೂ ನೀರಿಗೆ ಇಳಿದಿಲ್ಲ."

ಮರುದಿನ ಹತ್ತಕ್ಕೆ ಹೋದಾಗ ಅಮ್ಮ ತೊಟ್ಟಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಳ್ಳೆಯ ಸೀರೆಯುಟ್ಟು ಕೂತಿದ್ದರು. ಕಾಲು ಮತ್ತೆ ಊದಿತ್ತು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಹೇಳಿದರು, "ಈಗ ಏನೂ ಕೇಳ್ಸಲ್ಲಪ್ಪ. ಎಲ್ಲ ಸರಿಯಾಗಿದೆ."

ಯಂತ್ರ ಇನ್ನೂ ಶುರುವೇ ಆಗಿರಲಿಲ್ಲ!

ಅವನು ಸ್ವಿಚ್ಚು ಹಾಕಿದ. ಹೀಟರಿನ ದೀಪ ಹತ್ತಿತು, ಚಿಕ್ಕ ಪಂಪು ತಿರುಗಿತು. ಅವನಿಗೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಆದರೆ ಮಗಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. "ಅಯ್ಯಯ್ಯೋ, ಏನಿದು! ನಿಲ್ಸಿ, ನಿಲ್ಸಿ!"

ಇದೇ ಹೊತ್ತು. ನಾಲಿಗೆ ತುದಿಗೆ ನಿಜ ಬಂದಿತ್ತು. ಬಂದದ್ದನ್ನು ನುಂಗಿ ಏನು ಹೇಳಿದ ಗೊತ್ತೇ ಆ ಪುಣ್ಯಾತ್ಮ? "ಇದು ಹೊಸದು. ಆವತ್ತು ಇರ್ಲಿಲ್ಲ. ಸುಮ್ನೆ ನಿಲ್ಸಿಟ್ಟಿದ್ದಕ್ಕೆ ಬಂದಿದೆ."

"ಅಂದ್ರೆ ಆವತ್ತು ಅಮ್ಮನಿಗೆ ಕೇಳಿದ್ದು..." ಮಗಳು ಮಾತು ಮುಗಿಸಲಿಲ್ಲ.

"ಭ್ರಮೆ ಇರ್ಬೇಕು" ಎಂದು ಅಮ್ಮನೇ ಮುಗಿಸಿದರು. "ಮೇಸ್ತ್ರಿ ಹೇಳ್ತಾರಲ್ಲ. ನಡಿ, ಹೊತ್ತಾಯ್ತು." ಕುರ್ಚಿಯ ಕೈ ಹಿಡಿದು ಎದ್ದು, ಕುಂಟುತ್ತಾ ಚಪ್ಪಲಿ ಹುಡುಕಿಕೊಂಡು ಹೋದರು.

ಮೇಸ್ತ್ರಿ ಒಬ್ಬನೇ ಉಳಿದ. ಚಿಕ್ಕ ಪಂಪು ಬಿಚ್ಚಿದ. ಸೀಲು ಸೋರಿ ಸೋರಿ ಬೇರಿಂಗಿಗೆ ನೀರು ಇಳಿದಿತ್ತು. ಬೇರಿಂಗು ತುಕ್ಕು ಹಿಡಿದು ಕಂದಾಗಿತ್ತು, ಗುಂಡುಗಳು ಅರ್ಧಕ್ಕರ್ಧ ತಿಂದುಹೋಗಿದ್ದವು. ವಾರ ಹತ್ತು ದಿನದ ತುಕ್ಕಲ್ಲ ಅದು, ತಿಂಗಳುಗಟ್ಟಲೆಯದು. ಅಷ್ಟು ದಿನವೂ ಅದು ಕೂಗಿತ್ತು, ಅಮ್ಮ ಕೇಳಿದ್ದರು. ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡ. ಹೊರಗೆ ಕಾರು ಸ್ಟಾರ್ಟ್ ಆಯಿತು. ಆ ದಪ್ಪ ಶಬ್ದ ಅವನಿಗೆ ಚೆನ್ನಾಗಿಯೇ ಕೇಳಿತು.

ಬೇರಿಂಗು ಕೈಯಲ್ಲಿ ಹಿಡಿದೇ ಓಡಿದ. ಗೇಟು ದಾಟುತ್ತಿದ್ದ ಕಾರಿನ ಮುಂದೆ ನಿಂತುಬಿಟ್ಟ. ಮಗಳು ಬ್ರೇಕ್ ಹಾಕಿ ಬೈಯುತ್ತಾ ಕಿಟಕಿ ಇಳಿಸಿದಳು.

"ಇದು ಹಳೇ ತುಕ್ಕು" ಎಂದ ಮೇಸ್ತ್ರಿ. ಅಂಗೈಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. "ಆವತ್ತೂ ಶಬ್ದ ಇತ್ತು. ಅಮ್ಮ ಹೇಳಿದ್ದು ನಿಜ. ನಂಗೆ ಕಿವಿ ಕೇಳ್ಸಲ್ಲ. ಈಗ್ಲೂ ಕೇಳ್ಸಿಲ್ಲ, ನೀವು ಕಿವಿ ಮುಚ್ಕೊಂಡಿದ್ದು ನೋಡಿ ಹೊಸದು ಅಂದೆ. ಸುಳ್ಳು ಹೇಳ್ದೆ."

ಮಗಳು ಎಂಜಿನ್ ನಿಲ್ಲಿಸಿದಳು. ಅಮ್ಮನ ಕಡೆ ತಿರುಗಲು ಅವಳಿಗೂ ಮುಖವಿರಲಿಲ್ಲ. ಸ್ಟಿಯರಿಂಗನ್ನೇ ನೋಡುತ್ತಾ ಕೂತಳು. ಮೇಸ್ತ್ರಿಗೆ ನಿಂತ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು.

"ಹೊಟ್ಟೆಗೆ ಹಾಕ್ಕೊಳ್ಳಿ ಅಮ್ಮಾ" ಎಂದ.

ಅಮ್ಮ ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಕೈಚೀಲ ತೆರೆದು, ಡಾಕ್ಟರಿಗೆ ತೋರಿಸಲು ಮಡಚಿಟ್ಟಿದ್ದ ಆ ಚೀಟಿ ತೆಗೆದು, ಪೆನ್ನಿನ ಜೊತೆ ಕಿಟಕಿಯಿಂದ ಚಾಚಿದರು. "ಬರೀರಿ."

ಕಾರಿನ ಬಾನೆಟ್ಟಿನ ಮೇಲಿಟ್ಟು ಬರೆದ. ಬೆರಳಿನ ತುಕ್ಕು ಕಾಗದಕ್ಕೆ ಮೆತ್ತಿತು. ಅಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ತಿರುಗಿ ಓದಿದರು. "ಶಬ್ದ ಇತ್ತು. ನನಗೆ ಕೇಳಲಿಲ್ಲ. ಸರಿ ಇದೆಯಾ?"

"ಸರಿ ಇದೆ."

ಅವರು ಚೀಟಿ ಮಡಚಿ ಚೀಲಕ್ಕೆ ಹಾಕುತ್ತಾ, ತಲೆ ತಗ್ಗಿಸಿಕೊಂಡೇ ಮತ್ತೇನೋ ಅಂದರು. ಇಂಥ ಹೊತ್ತಿನಲ್ಲಿ ಹೂಂ ಎಂದು ತಲೆಯಾಡಿಸಿ ಜಾರಿಕೊಳ್ಳುವುದು ಅವನಿಗೆ ಎರಡು ವರ್ಷದಿಂದ ರೂಢಿಯಾಗಿತ್ತು. ಈ ಸಲ ತಲೆಯಾಡಿಸಲಿಲ್ಲ.

"ಕೇಳ್ಸಿಲ್ಲಮ್ಮ. ಇನ್ನೊಂದ್ಸಲ ಹೇಳಿ."

ಅಮ್ಮ ಮುಖ ಎತ್ತಿ, ಅವನನ್ನೇ ನೋಡುತ್ತಾ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ನಾಳೆ ಹೊಸ ಬೇರಿಂಗ್ ತಂದು ಹಾಕಿ. ಶಬ್ದ ಹೋಯ್ತೋ ಇಲ್ವೋ ನಾನು ಹೇಳ್ತೀನಿ."