ಬೆಲ್ಲ ಇಳಿಯುವ ದಾರಿ

ಗೋಣಿಬೀಡಿನ ಲಿಂಗಪ್ಪನವರು ಕಾಫಿಯ ಹೊಟ್ಟು ಬಿಡಿಸುವ ತಮ್ಮ ಹಲ್ಲಿಂಗ್ ಶೆಡ್ಡಿನ ಹೆಂಗಸರಿಗೆ ದಿನಾ ಮಧ್ಯಾಹ್ನ ಒಂದೊಂದು ತುಂಡು ಬೆಲ್ಲ ಕೊಡುತ್ತಿದ್ದರು. ಮೆಷಿನ್ನಿನಿಂದ ಹಾರುವ ಹೊಟ್ಟಿನ ದೂಳು ಎದೆಯಲ್ಲಿ ಕೂತಿದ್ದರೆ ಬೆಲ್ಲ ಅದನ್ನು ತೊಳೆದುಕೊಂಡು ಹೋಗುತ್ತದೆ ಎಂಬುದು ಅವರ ತಂದೆಯ ಕಾಲದಿಂದ ಬಂದ ವೈದ್ಯ. ಶೆಡ್ಡಿಗೆ ಇದ್ದದ್ದೇ ಎರಡು ಕಿಟಕಿ. ಬೀಜ ಕಳುವಾದೀತೆಂದು ಅವಕ್ಕೂ ಹಲಗೆ ಹೊಡೆಸಿದ್ದರು. ಆದರೆ ಬೆಲ್ಲ ಹಂಚುವಾಗ ಅವರ ಮುಖ ನೋಡಬೇಕು, ಸಾಕ್ಷಾತ್ ಧನ್ವಂತರಿಯ ಕಳೆ!

ನಮ್ಮ ಪಕ್ಕದ ಮನೆಯ ಮುತ್ತಮ್ಮ ಅಲ್ಲಿ ಹನ್ನೊಂದು ವರ್ಷದಿಂದ ಬೀಜ ಆರಿಸುತ್ತಿದ್ದಳು. ತೊಂಬತ್ತೇಳನೇ ಇಸವಿಯ ಹೊತ್ತಿಗೆ ಬಾವಿಯಿಂದ ಒಂದು ಕೊಡ ನೀರು ತರಲು ಅವಳು ಮೂರು ಕಡೆ ಕೂರಬೇಕಾಗಿತ್ತು. ದೂಳಿನಿಂದ ದೂರ ಇರು ಎಂದು ಡಾಕ್ಟರು ಸುಲಭವಾಗಿ ಹೇಳಿ ಕಳಿಸಿದ್ದರು. ಕೆಲಸ ಬಿಟ್ಟರೆ ಉಣ್ಣುವುದೇನು?

"ಟೀಚರಮ್ಮ, ದೂಳು ಹೊರಗೆ ಎಳೆಯೋ ಫ್ಯಾನ್ ಒಂದು ಹಾಕ್ಸಿದ್ರೆ ಸಾಕು. ನಾವು ಕೇಳಿದ್ರೆ, ಬೆಲ್ಲ ತಿಂತಿದೀರಲ್ಲ ಅಂತಾರೆ. ನೀವೊಂದು ಮಾತು ಹೇಳಿ" ಎಂದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂದು ಚಾರ್ಟ್ ನೇತುಹಾಕಿದರೆ ಎಂಥವರಿಗೂ ಬುದ್ಧಿ ಬರುತ್ತದೆಂದು ನಂಬಿದ್ದ ಪೆದ್ದಿ.

ಶೆಡ್ಡಿನಲ್ಲೇ ಚಾರ್ಟ್ ಹಾಕಿ ಎಲ್ಲರಿಗೂ ಉಸಿರಾಟದ ಪಾಠ ಮಾಡುತ್ತೇನೆಂದಾಗ ಲಿಂಗಪ್ಪನವರು ಖುಷಿಯಿಂದ ಒಪ್ಪಿ, ಕುರ್ಚಿ ಹಾಕಿಸಿಕೊಂಡು ಎಲ್ಲರಿಗಿಂತ ಮುಂದೆ ಕೂತರು. ನಾನು ಕೋಲು ಹಿಡಿದು ಶುರುಮಾಡಿದೆ. ಮೂಗಿನ ಕೂದಲು, ಸಿಂಬಳ ದಪ್ಪ ದೂಳನ್ನು ತಡೆಯುತ್ತವೆ. ಸಣ್ಣದು ನುಸುಳಿಕೊಂಡು ಶ್ವಾಸನಾಳಕ್ಕೆ ಇಳಿಯುತ್ತದೆ. ನಾಳ ಎರಡಾಗಿ, ಆಮೇಲೆ ಸಾವಿರಾರು ಕವಲಾಗಿ, ಪುಟ್ಟ ಪುಟ್ಟ ಗಾಳಿಚೀಲಗಳಲ್ಲಿ ಮುಗಿಯುತ್ತದೆ. ರಕ್ತ ಆಮ್ಲಜನಕ ತೆಗೆದುಕೊಳ್ಳುವುದು ಅಲ್ಲೇ. ದೂಳು ಹೋಗಿ ಬೀಡು ಬಿಡುವುದೂ ಅಲ್ಲೇ.

"ಬೆಲ್ಲ ಹೋಗೋದು ಯಾವ ದಾರೀಲಿ ಮೇಡಂ?" ಲಿಂಗಪ್ಪನವರೇ ಕೇಳಿದರು.

ನಾನು ಕಾಯುತ್ತಿದ್ದ ಪ್ರಶ್ನೆ. ಹಿಂಬದಿಯ ಅನ್ನನಾಳ ತೋರಿಸಿದೆ. "ಈ ದಾರೀಲಿ. ನುಂಗುವಾಗ ಶ್ವಾಸನಾಳದ ಬಾಯಿಗೆ ಮುಚ್ಚಳ ಬೀಳುತ್ತೆ. ಬೆಲ್ಲ ನೇರ ಹೊಟ್ಟೆಗೆ. ದೂಳಿನ ಹತ್ರಕ್ಕೂ ಸುಳಿಯಲ್ಲ."

"ಅಂದ್ರೆ ಇಷ್ಟು ವರ್ಷ ಕೊಟ್ಟಿದ್ದೆಲ್ಲ ದಂಡ?"

"ದಂಡವೇ. ಬೇಕಾಗಿರೋದು ಫ್ಯಾನು."

ಅವರು ಚಿತ್ರವನ್ನೇ ದಿಟ್ಟಿಸಿ, ಎದ್ದು ನಿಂತು ಕೈಮುಗಿದರು. "ನಮ್ಮ ಕಣ್ಣು ತೆರೆಸಿದ್ರಿ ಮೇಡಂ." ನಾನು ಉಬ್ಬಿಹೋಗಿ ಮುತ್ತಮ್ಮನ ಕಡೆ ನೋಡಿ ನಕ್ಕೆ. ಅವಳು ನಗಲಿಲ್ಲ.

ಮರುದಿನವೇ ಬೆಲ್ಲ ನಿಂತಿತು. ಫ್ಯಾನಿನ ಸುದ್ದಿಯಿಲ್ಲ. ವಾರ ಕಾದು ಕೇಳಲು ಹೋದೆ.

"ಮೂಗಲ್ಲೇ ಫಿಲ್ಟರ್ ಇದೆ ಅಂತ ನೀವೇ ಅಂದ್ರಲ್ಲ ಮೇಡಂ," ಎಂದರು ಲಿಂಗಪ್ಪನವರು. "ದೇವ್ರು ಕೊಟ್ಟಿದ್ದನ್ನ ಮೊದ್ಲು ಸರಿಯಾಗಿ ಬಳಸ್ಲಿ."

ಸಿಟ್ಟಿನಿಂದ ಮೈ ಉರಿಯಿತು. ಅವರ ಮೇಲಿನದ್ದಕ್ಕಿಂತ ನನ್ನ ಮೇಲೇ ಹೆಚ್ಚು. ಸಂಜೆ ಮುತ್ತಮ್ಮನ ಮನೆಗೆ ಹೋಗಿ, "ಆ ಬೆಲ್ಲದಿಂದ ಹೇಗೂ ಏನೂ ಆಗ್ತಿರ್ಲಿಲ್ಲ ಬಿಡು" ಎಂದು ಸಮಾಧಾನ ಹೇಳಿದೆ.

"ಅದು ನಮಗೂ ಗೊತ್ತಿತ್ತು ಟೀಚರಮ್ಮ," ಎಂದು ಮುತ್ತಮ್ಮ ಗೋಡೆಗೆ ಒರಗಿ ಉಸಿರೆಳೆದುಕೊಂಡಳು. "ಒಳಗೆ ಬೆಲ್ಲಕ್ಕೆ ದೂಳು ಹತ್ತುತ್ತೆ ಅಂತ, ತಿನ್ನೋಕೆ ಹತ್ತು ನಿಮಿಷ ನಮ್ಮನ್ನ ಹೊರಗೆ ಬಿಡ್ತಿದ್ರು."